ಕ್ರಾಸ್ ಹೊಸದು, ಗಾಲಿ ಬ್ಯಾಲೆನ್ಸ್ ಆಗಿದೆ, ಆದರೂ 65 ದಾಟಿದರೆ ಸೀಟಿನಡಿ ನಡುಕ

ಕೆಸರುಗಾಲಿ:
ನನ್ನದು ಹಳೇ ಫೋರ್ ವೀಲ್ ಡ್ರೈವ್ ಗಾಡಿ. ಎರಡೂ ಕಡೆ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್, 31 ಇಂಚಿನ ಟೈರು. ಎರಡು ತಿಂಗಳ ಹಿಂದೆ ಗಾಡಿಯನ್ನು ಎರಡೂವರೆ ಇಂಚು ಎತ್ತರಿಸಿದೆ. ಅಲ್ಲಿಂದ ಶುರು ನೋಡಿ. 65 ದಾಟುತ್ತಿದ್ದಂತೆ ಸೀಟಿನಡಿ ಝುಂ ಅಂತ ನಡುಕ. 80ಕ್ಕೆ ಹಿಂದೆ ಬರುವ ಗಾಡಿ ಕನ್ನಡಿಯಲ್ಲಿ ಎರಡೆರಡು ಕಾಣುತ್ತದೆ. ಸ್ಟೀರಿಂಗ್ ಮಾತ್ರ ಸುಮ್ನಿದೆ.

ಗಾಲಿ ಎರಡು ಸಲ ಬ್ಯಾಲೆನ್ಸ್ ಆಯ್ತು. ರಿಮ್ಮಿನ ಒಳಗೆ ಒಣಗಿದ್ದ ಕೆಸರು ಕೆರೆದು ತೆಗೆದೆ. ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಶಾಫ್ಟು ಓರೆಯಾಗಿದ್ದರೂ ತಿರುಗುವಂತೆ ತುದಿಯಲ್ಲಿರುವ ಜಾಯಿಂಟ್) ಎರಡನ್ನೂ ನಾನೇ ಬದಲಾಯಿಸಿದೆ. ಹಳೇ ಕ್ರಾಸಿನ ಬೇರಿಂಗ್ ಕಪ್ಪಿನ ಬಾಯಲ್ಲಿ ಕೆಂಪು ತುಕ್ಕಿನ ಪುಡಿ ಇತ್ತು, ಕಳ್ಳ ಸಿಕ್ಕಿದ ಅಂದುಕೊಂಡೆ. ಹೊಸದು ಹಾಕಿದ ಮೇಲೆ ನಡುಕ ಇನ್ನೂ ಜಾಸ್ತಿ!

ಸಾಲದ್ದಕ್ಕೆ ಹಿಂದಿನ ಬಲಗಡೆ ಗುಂಯ್ ಸದ್ದು, ಎಡಕ್ಕೆ ತಿರುಗಿಸಿದರೆ ಜೋರಾಗುತ್ತದೆ. ಆಕ್ಸಲ್ ಬಗ್ಗಿದೆಯಾ? ಎಲ್ಲ ಬಿಚ್ಚುವ ಮೊದಲು ಕೇಳೋಣ ಅಂತ.

ಗ್ರೀಸ್‌ಕೈ:
ಇನ್ನೇನೂ ಬಿಚ್ಚಬೇಡಿ ಮಾರಾಯ್ರೇ. ಖಾಲಿ ನೇರ ರಸ್ತೆಯಲ್ಲಿ 80ಕ್ಕೆ ಹೋಗಿ, ನ್ಯೂಟ್ರಲ್ ಮಾಡಿ ಗಾಡಿಯನ್ನು ಉರುಳಲು ಬಿಡಿ. ಎಂಜಿನ್ ಸದ್ದು ಇಳಿದರೂ ನಡುಕ ಹಾಗೇ ಇದ್ದರೆ ಎಂಜಿನ್ನು, ಕ್ಲಚ್ಚು ಎರಡೂ ಪಾರು. ತಪ್ಪು ಅದರ ಹಿಂದೆ ಇದೆ.

ಆಮೇಲೆ ನಡುಕ ಎಣಿಸಿ. 31 ಇಂಚಿನ ಟೈರು ಒಂದು ಸುತ್ತಿಗೆ ಸುಮಾರು 2.47 ಮೀಟರ್ ಹೋಗುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 9 ಸುತ್ತು. ಆಕ್ಸಲ್ ರೇಶಿಯೋ 4.1 ಇದ್ದರೆ, ಅಂದರೆ ಗಾಲಿಯ ಒಂದು ಸುತ್ತಿಗೆ ಶಾಫ್ಟು 4.1 ಸುತ್ತು ತಿರುಗಿದರೆ, ಶಾಫ್ಟು ಸೆಕೆಂಡಿಗೆ 37 ಸುತ್ತು. ನಡುಕ 9 ಬಂದರೆ ಗಾಲಿ ಅಥವಾ ಬಗ್ಗಿದ ಆಕ್ಸಲ್. 37 ಬಂದರೆ ಶಾಫ್ಟಿನ ಬ್ಯಾಲೆನ್ಸ್. 74 ಬಂದರೆ ಕ್ರಾಸಿನ ಕೋನ, ಯಾಕಂದ್ರೆ ಕೋನದಲ್ಲಿ ತಿರುಗುವ ಕ್ರಾಸು ಒಂದು ಸುತ್ತಿಗೆ ಎರಡು ಸಲ ಎಳೆದು ಬಿಡುತ್ತದೆ. ಎಣಿಸಲು ಫೋನಿನ ಆಪ್ ಸಾಕು. ಆದರೆ ಅದು ಸೆಕೆಂಡಿಗೆ 200 ಸಲವಾದರೂ ಅಳೆಯಬೇಕು, ಇಲ್ಲದಿದ್ದರೆ ಸುಳ್ಳು ಅಂಕಿ ತೋರಿಸುತ್ತದೆ.

ಬೆಟ್ಟದಾರಿ:
ಶಾಫ್ಟ್ ಬಿಚ್ಚಿ ಬ್ಯಾಲೆನ್ಸ್ ಮಾಡಿಸಿ, ಮುಗೀತು. ನನಗೂ ಹೀಗೇ ಆಗಿತ್ತು.

ಹಳೇಪಾನಾ:
ಕ್ರಾಸ್ ಹಾಕಿದ ಮೇಲೆ ಜಾಸ್ತಿ ಆಯ್ತು ಅಂದ್ರಲ್ಲ, ಬ್ಯಾಲೆನ್ಸಿಗಿಂತ ಮುಂಚೆ ಅದನ್ನು ಹಿಡಿಯಿರಿ. ಶಾಫ್ಟಿನ ಎರಡು ತುಂಡು ಬೇರೆ ಮಾಡಿದ್ರಾ? ಮಾಡುವಾಗ ಪೇಂಟಿನಲ್ಲಿ ಗುರುತು ಹಾಕಿದ್ರಾ? ಶಾಫ್ಟಿನ ಎರಡು ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವೆ) ಒಂದೇ ಗೆರೆಯಲ್ಲಿ ಕೂರಬೇಕು. ತುಂಡುಗಳು ಕೂಡುವಲ್ಲಿ ಒಂದು ಹಲ್ಲು ಆಚೀಚೆ ಆದರೂ ಒಂದು ಕ್ರಾಸಿನ ಎಳೆತವನ್ನು ಇನ್ನೊಂದು ಸರಿದೂಗಿಸುವುದಿಲ್ಲ.

ಇನ್ನೊಂದು ಅನುಮಾನ. ಎತ್ತರಿಸುವಾಗ ಸ್ಪ್ರಿಂಗಿಗೂ ಆಕ್ಸಲಿನ ಹೊರ ಕವಚಕ್ಕೂ (ಹೌಸಿಂಗ್) ನಡುವೆ ಬೆಣೆ ಕೊಟ್ಟಿದ್ದಾರಾ? ಆಕ್ಸಲಿನಲ್ಲಿ ಶಾಫ್ಟು ಸೇರುವ ಗೇರಿನ, ಅಂದರೆ ಪಿನಿಯನ್ನಿನ, ಮೂತಿ ಎತ್ತಿದರೆ ಒಳ್ಳೆಯದು ಅಂತ ಕೆಲವರು ಕಣ್ಣುಮುಚ್ಚಿ ಕೊಡುತ್ತಾರೆ. ಮೇಲ್ತುದಿಯಲ್ಲಿ ಜೋಡಿ ಕ್ರಾಸಿನ ಜಾಯಿಂಟ್ ಇರುವ ಶಾಫ್ಟಿಗೆ ಅದು ಸರಿ. ನಿಮ್ಮದರಂತೆ ತುದಿಗೊಂದೇ ಕ್ರಾಸ್ ಇದ್ದರೆ, ಮುಂದಿನ ಹಿಂದಿನ ಆಕ್ಸಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ಟೂ ಪಿನಿಯನ್ನೂ ಸಮಾನಾಂತರ ಇರಬೇಕು. ಒಂದು ಡಿಗ್ರಿ ವ್ಯತ್ಯಾಸ ನಡೆಯುತ್ತದೆ, ಜಾಸ್ತಿ ಇಲ್ಲ. ಗಾಡಿ ತನ್ನ ಗಾಲಿಯ ಮೇಲೆ ನಿಂತಾಗಲೇ ಅಳೆಯಿರಿ. ಜಾಕಿನಲ್ಲಿ ಬಾಡಿ ಎತ್ತಿದರೆ ಆಕ್ಸಲ್ ಜೋತುಬಿದ್ದು ಲೆಕ್ಕವೆಲ್ಲ ತಪ್ಪುತ್ತದೆ.

ಕೆಸರುಗಾಲಿ:
ಹಳೇಪಾನಾ ಅಣ್ಣ, ನಿಮಗೊಂದು ದೊಡ್ಡ ನಮಸ್ಕಾರ. ನ್ಯೂಟ್ರಲ್‌ನಲ್ಲೂ ನಡುಕ ಇತ್ತು. ಆಪ್ ತೋರಿಸಿದ್ದು 73.

ಇವತ್ತು ಬೆಳಿಗ್ಗೆ ಅಡಿ ಮಲಗಿ ನೋಡಿದೆ. ಗುರುತು ನಾನೇನೋ ಹಾಕಿದ್ದೆ, ಸೀಮೆಸುಣ್ಣದಲ್ಲಿ! ಡೀಸೆಲ್‌ನಲ್ಲಿ ತೊಳೆಯುವಾಗ ಅದೂ ತೊಳೆದುಹೋಗಿದೆ. ಯೋಕ್ ಒಂದು ಹಲ್ಲು ತಪ್ಪಿ ಕೂತಿತ್ತು. ಕಣ್ಣಿಗೆ ನೇರವಾಗೇ ಕಾಣುತ್ತಿತ್ತು, ಪಟ್ಟಿ ಹಿಡಿದ ಮೇಲೆ ಗೊತ್ತಾಯಿತು.

ಕೋನ: ಔಟ್‌ಪುಟ್ 4 ಡಿಗ್ರಿ, ಶಾಫ್ಟ್ 16, ಪಿನಿಯನ್ 10. ಮೂರೂ ಹಿಂದಕ್ಕೆ ಇಳಿಜಾರು. ಅಂದರೆ ಮೇಲಿನ ಕ್ರಾಸಿಗೆ 12, ಕೆಳಗಿನದಕ್ಕೆ 6. ಬೆಣೆ ಇದೆ, 6 ಡಿಗ್ರಿಯದು. ಕಿಟ್ ಹಾಕಿದವರು ನನಗೆ ಹೇಳಿರಲೇ ಇಲ್ಲ.

ಹಳೇಪಾನಾ:
ಬೆಣೆ ತೆಗೆಯಿರಿ, ಪಿನಿಯನ್ 4ಕ್ಕೆ ಬಂದು 12ಕ್ಕೆ 12 ಆಗುತ್ತದೆ. ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಹೊಸದು ಹಾಕಿ, ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ. ಆದರೆ ಪೂರ್ತಿ ಸಮಾಧಾನ ಸಿಗಲ್ಲ. ಎರಡೂ ತುದಿ ಸಮ ಇದ್ದರೂ ಮಧ್ಯದ ಕೊಳವೆ ಪ್ರತಿ ಸುತ್ತಿಗೂ ಎರಡೆರಡು ಸಲ ವೇಗ ಏರಿಸಿ ಇಳಿಸುತ್ತಲೇ ಇರುತ್ತದೆ. ಆ ವೇಗಕ್ಕೆ 12 ಡಿಗ್ರಿ ಜಾಸ್ತಿಯೇ.

ಹಾಂ, ಶಾಫ್ಟ್ ಬಿಚ್ಚಿದಾಗ ಗೇರಿನಲ್ಲಿಟ್ಟರೂ ಹಿಂದಿನ ಗಾಲಿ ಹಿಡಿಯಲ್ಲ. ಗಾಲಿಗೆ ಕಲ್ಲು ಕೊಡದೆ ಅಡಿ ಹೋಗಬೇಡಿ.

ಗ್ರೀಸ್‌ಕೈ:
ಗುಂಯ್ ಸದ್ದಿನ ಕಥೆ ಬೇರೆ. ಎಡಕ್ಕೆ ತಿರುಗಿಸಿದರೆ ಭಾರ ಬಲಗಾಲಿಗೆ ಬೀಳುತ್ತದೆ, ಆಗ ಜೋರಾದರೆ ಬಲಗಡೆ ಆಕ್ಸಲ್ ಬೇರಿಂಗ್ ಮೇಲೆ ನನ್ನ ಅನುಮಾನ. ಡ್ರಮ್ ತೆಗೆದು ಒಳಗೆ ಎಣ್ಣೆ ಇದೆಯಾ ನೋಡಿ. ಹೌಸಿಂಗಿನ ಬ್ರೀದರ್ (ಗಾಳಿಯಾಡುವ ರಂಧ್ರ) ಕೂಡ. ಬಿಸಿ ಆಕ್ಸಲ್ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೆಸರಲ್ಲಿ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ.

ಕೆಸರುಗಾಲಿ:
ಬೆಣೆ ತೆಗೆದೆ, ಯೋಕ್ ಸರಿ ಕೂರಿಸಿದೆ, ಈ ಸಲ ಗುರುತಿಗೆ ಬಿಳಿ ಪೇಂಟು. 80ರಲ್ಲಿ ಕನ್ನಡಿ ಅಲ್ಲಾಡುತ್ತಿಲ್ಲ. 95ರ ಹತ್ತಿರ ಸಣ್ಣ ಝುಂ ಉಳಿದಿದೆ, ಜೋಡಿ ಕ್ರಾಸಿನ ಶಾಫ್ಟಿಗೆ ವಿಚಾರಿಸುತ್ತಿದ್ದೇನೆ. ಅದು ಬಂದರೆ ಬೆಣೆ ಮತ್ತೆ ಬೇಕಾಗುತ್ತದೆ, ಎಸೆದಿಲ್ಲ.

ಬಲ ಡ್ರಮ್ಮಿನ ಒಳಗೆ ಎಲ್ಲ ಒದ್ದೆ, ಬ್ರೇಕ್ ಶೂ ಎಣ್ಣೆ ಕುಡಿದು ಕಪ್ಪಾಗಿದೆ. ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಎಣ್ಣೆ ಮಜ್ಜಿಗೆ ಬಣ್ಣ, ನೀರು ಸೇರಿದೆ. ಬ್ರೀದರ್ ಬಾಯಲ್ಲಿ ಮಣ್ಣು ಇಟ್ಟಿಗೆಯ ಹಾಗೆ ಕೂತಿತ್ತು, ಮೊಳೆಯಲ್ಲಿ ಚುಚ್ಚಿ ತೆಗೆದೆ. ಬೇರಿಂಗು, ಸೀಲು, ಶೂ ಬರಲು ಹೇಳಿದ್ದೇನೆ. ಅಲ್ಲಿವರೆಗೆ ಗಾಡಿ ಕಲ್ಲಿನ ಮೇಲೆ.