ಅಪ್‌ಡೇಟ್: ಬ್ರಾಹ್ಮಿ ಅಂತ ಕೊಟ್ಟ ಗಿಡ ಯಾವುದು ಅಂತ ಗೊತ್ತಾಯಿತು
ನರ್ಸರಿಯಲ್ಲಿ ಬ್ರಾಹ್ಮಿ ಅಂತ ಕೊಟ್ಟ ಗಿಡ ಒಂದೆಲಗದ ಹಾಗೆ ಕಾಣುತ್ತಿಲ್ಲ, ಯಾಕೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಅದು ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೇರಿ. ಎಲೆ ಪುಟ್ಟದು, ದಪ್ಪ, ದಂಟಿನಲ್ಲಿ ಎದುರುಬದುರು ಜೋಡಿಯಾಗಿದೆ. ಮೊನ್ನೆ ತಿಳಿ ನೇರಳೆ ಹೂ ಬಿಟ್ಟಿತು, ಇನ್ನು ಅನುಮಾನವೇ ಇಲ್ಲ.

ಒಂದೆಲಗ ಬೇರೆಯೇ, ಸೆಂಟೆಲ್ಲಾ ಏಷಿಯಾಟಿಕಾ. ಉದ್ದ ತೊಟ್ಟಿಗೆ ಒಂದೇ ದುಂಡೆಲೆ, ನೆಲದ ಮೇಲೆ ಹಬ್ಬುತ್ತಾ ಗೆಣ್ಣುಗಳಲ್ಲಿ ಬೇರು ಬಿಡುತ್ತದೆ. ತುಳುವರ ತಿಮರೆ, ಹವ್ಯಕರ ಉರಗೆ ಎಲ್ಲ ಇದೇ. ಎರಡನ್ನೂ ಬ್ರಾಹ್ಮಿ ಅಂತಲೇ ಕರೆಯುತ್ತಾರೆ, ಪೇಚಾಟ ಕೊಳ್ಳುವವರಿಗೆ!

ಸುಮ್ನೆ ಒಂದು ನೀರುಬ್ರಾಹ್ಮಿ ಎಲೆ ಕಚ್ಚಿ ನೋಡಿದೆ. ಸಿಕ್ಕಾಪಟ್ಟೆ ಕಹಿ, ತಂಬುಳಿಗೆ ಆಗಲ್ಲ. ಅತ್ತೆ ಊರಿಂದ ಒಂದೆಲಗದ ಬಳ್ಳಿ ತಂದು ಬಾವಿ ಪಕ್ಕ ನೆಟ್ಟಿದ್ದಾರೆ, ಚಿಗುರುತ್ತಿದೆ.