ಕೆರೆ ದಂಡೆಯ ಹಳೇ ಕಾರ್ಖಾನೆ ಜಾಗ: ನಗರಸಭೆ ಕೈಲಿ ಏನಿದೆ?

ಪ್ರಶ್ನೆ: ನಮಸ್ತೆ ಮೇಡಂ. ನಾನು ನಗರಸಭೆ ಸದಸ್ಯ, ಮೊದಲನೇ ಸಲ ಗೆದ್ದಿರೋದು. ಕೆರೆ ದಂಡೆ ಮೇಲೆ ಹಳೇ ಪ್ಲೇಟಿಂಗ್ (ಲೋಹದ ಸಾಮಾನಿಗೆ ಇನ್ನೊಂದು ಲೋಹದ ಲೇಪ ಹಾಕೋ) ಕಾರ್ಖಾನೆ ಜಾಗ ಒಂದಿದೆ, ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು. ಈಗ ಅಲ್ಲಿ ಪಾರ್ಕು, ಮನೆಗಳು ಅಂತ ಪ್ಲಾನ್ ಬಂದಿದೆ, ಅದೇ ಹೊತ್ತಿಗೆ ಕೆರೆ ಹೂಳೆತ್ತೋ ಕೆಲಸಾನೂ ಇದೆ. ಮೀಟಿಂಗಲ್ಲಿ ಕೇಳಿದ್ರೆ ಮಣ್ಣಿನ ವಿಷ್ಯ ಮೇಲಿನ ಇಲಾಖೆಯೋರು ನೋಡ್ಕೋತಾರೆ, ಕೆರೆ ಬೇರೆ ವಿಭಾಗ, ನಮ್ದು ಬರೀ ಪರ್ಮಿಷನ್ ಕೊಡೋದು ಅಂತಾರೆ. ನಿಜವಾಗ್ಲೂ ಇಷ್ಟೇನಾ?

ಉತ್ತರ: ನಮಸ್ತೆ. "ಬರೀ ಪರ್ಮಿಷನ್" ಅನ್ನೋ ಮಾತು ಕೇಳಿದಾಗೆಲ್ಲಾ ನಂಗೆ ಸಂಕಟ ಆಗುತ್ತೆ, ಯಾಕಂದ್ರೆ ಆ ಜಾಗದಲ್ಲಿ ಏನ್ ಕಟ್ಬಹುದು, ಎಷ್ಟ್ ಆಳ ಅಗೀಬಹುದು, ಮಳೆನೀರು ಎಲ್ಲಿಗೆ ಹೋಗ್ಬೇಕು ಅಂತ ಹೇಳೋ ಅಧಿಕಾರ ಮೇಲಿನ ಯಾವ ಇಲಾಖೆಗಿಂತ ಜಾಸ್ತಿ ನಿಮ್ಮ ಹತ್ರಾನೇ ಇರೋದು.

ಪ್ಲೇಟಿಂಗ್ ಅಂದ್ರಿ, ಹಾಗಾದ್ರೆ ಕ್ರೋಮಿಯಂ, ನಿಕಲ್, ಸಯನೈಡ್, ಎಣ್ಣೆ ಜಿಡ್ಡು ತೆಗೆಯೋ ಸಾಲ್ವೆಂಟ್ ಇವೆಲ್ಲಾ ಹುಡುಕ್ಲೇಬೇಕು. ಮೊದ್ಲು ಕಾಗದ: ಹಳೇ ಲೈಸೆನ್ಸ್ ಫೈಲು, ನಕ್ಷೆ, ಅಲ್ಲಿ ಕೆಲ್ಸ ಮಾಡಿದ್ದೋರನ್ನ ಕೂರಿಸ್ಕೊಂಡು ತೊಟ್ಟಿ ಎಲ್ಲಿತ್ತು, ಕೊಳಕು ನೀರು ಎಲ್ಲಿ ಬಿಡ್ತಿದ್ರು ಅಂತ ಕೇಳೋದು. ಆಮೇಲೆ ಬೋರ್ ಹಾಕಿ ಮಣ್ಣು, ಅಂತರ್ಜಲ ಎರಡೂ ಟೆಸ್ಟ್. ಮೇಲಿನ ಒಂದಡಿ ಮಣ್ಣು ತೆಗೆದು ರಿಪೋರ್ಟ್ ಕೊಟ್ರೆ ಒಪ್ಕೋಬೇಡಿ. ದಂಡೆ ಮೇಲಿನ ಜಾಗ ಅಂದ್ರೆ ಸಾಮಾನ್ಯವಾಗಿ ಅಲ್ಲಿನ ಅಂತರ್ಜಲ ಕೆರೆ ಕಡೆಗೇ ಹರೀತಿರುತ್ತೆ, ಮಣ್ಣಲ್ಲಿ ಕರಗೋ ವಿಷ ಇದ್ರೆ ಅದೂ ಜೊತೇಲೇ ಹೋಗ್ತಿರುತ್ತೆ, ನೀವು ಏನೂ ಕಟ್ಟದೇ ಇದ್ರೂನೂ.

ಇನ್ನೊಂದು ವಿಷ್ಯ, ಇದನ್ನ ನಾನು ಕಣ್ಣಾರೆ ನೋಡಿದೀನಿ. ಒಂದು ಕಡೆ ಮಳೆನೀರು ವಿಭಾಗದೋರು ಕೆರೆ ಒಳ್ಳೇದಕ್ಕೇ ಅಂತ ಪ್ರತಿ ಹೊಸ ಕಟ್ಟಡಕ್ಕೂ ಇಂಗುಗುಂಡಿ ಕಡ್ಡಾಯ ಮಾಡಿದ್ರು. ಬೇರೆ ಜಾಗಕ್ಕೆ ಅದು ತುಂಬಾ ಒಳ್ಳೇ ನಿಯಮ. ಆದ್ರೆ ಅದನ್ನೇ ಹಳೇ ಕಾರ್ಖಾನೆ ಜಾಗಕ್ಕೂ ಹಾಕಿದ್ರು, ಮಳೆನೀರು ಆ ಮಣ್ಣಿನ ಮೂಲಕಾನೇ ಇಳೀತು, ಅಲ್ಲಿವರೆಗೂ ಕಾಂಕ್ರೀಟ್ ನೆಲದ ಕೆಳಗೆ ಒಣಗಿ ಕೂತಿದ್ದ ಲೋಹ ಎಲ್ಲಾ ಅಂತರ್ಜಲಕ್ಕೆ ಸೇರ್ತು. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ, ಎರಡು ಫೈಲು ಎರಡು ಟೇಬಲ್ ಮೇಲಿತ್ತು ಅಷ್ಟೇ. ಅಂಥಾ ಜಾಗದಲ್ಲಿ ನೀರು ಇಂಗಿಸ್ಬಾರದು, ತಳಕ್ಕೆ ಶೀಟ್ ಹಾಕಿದ ಹೊಂಡದಲ್ಲಿ ಹಿಡಿದು ಶುದ್ಧ ಮಾಡಿ ಬಿಡ್ಬೇಕು. ಪಾಯ ತೋಡುವಾಗ ಪಂಪ್ ಹಚ್ಚಿ ಹೊರಗೆ ಬಿಡೋ ನೀರೂ ಅಷ್ಟೇ, ಅದನ್ನ ಸೀದಾ ಮಳೆನೀರು ಚರಂಡಿಗೆ ಬಿಟ್ರೆ ಕೆರೆಗೇ ಬಿಟ್ಟಂಗೆ.

ಪ್ರಶ್ನೆ (ಇನ್ನೊಬ್ಬರು): ಮೇಡಂ, ಒಂದ್ಸಲ ಮೇಲೆ ಜೇಡಿಮಣ್ಣು ಹಾಕಿ ಮುಚ್ಚಿಬಿಟ್ರೆ ಸಾಕು ಅಂತಾರಲ್ಲ, ನಿಜಾನಾ?

ಉತ್ತರ: ಕೆಲವು ಜಾಗಕ್ಕೆ ಸಾಕಾಗುತ್ತೆ, ಆದ್ರೆ ಮುಚ್ಚಿದೀವಿ ಅನ್ನೋದನ್ನ ಐವತ್ತು ವರ್ಷ ಆದ್ಮೇಲೂ ಯಾರಾದ್ರೂ ನೆನಪಿಟ್ಕೊಂಡಿರ್ಬೇಕು. ಅಮೆರಿಕದ ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್ ಗೊತ್ತಿರ್ಬಹುದು. ಕೆಮಿಕಲ್ ಕಂಪನಿಯೊಂದು ಅಲ್ಲಿ ಸುಮಾರು 20,000 ಟನ್ ತ್ಯಾಜ್ಯ ಹೂತು, ಮೇಲೆ ಜೇಡಿ ಮುಚ್ಚಿ, 1953ರಲ್ಲಿ ಜಾಗಾನ ಅಲ್ಲಿನ ಶಾಲಾ ಮಂಡಳಿಗೆ 1 ಡಾಲರ್‌ಗೆ ಕೊಡ್ತು. ಒಳಗೆ ಕೆಮಿಕಲ್ ಇದೆ ಅಂತ ಕ್ರಯಪತ್ರದಲ್ಲೇ ಬರೆದಿತ್ತು! ಆದ್ರೂ ಶಾಲೆ ಕಟ್ಟಿದ್ರು, ಸುತ್ತ ಮನೆ ಎದ್ವು, ಒಳಚರಂಡಿ ಪೈಪಿಗೆ ಅಗೆದಾಗ ಜೇಡಿ ಒಡೀತು, 1978ರಲ್ಲಿ ತುರ್ತುಸ್ಥಿತಿ ಘೋಷಣೆ ಮಾಡಿ ಜನರನ್ನ ಖಾಲಿ ಮಾಡಿಸ್ಬೇಕಾಯ್ತು. ಅಗೆಯೋಕೆ ಒಪ್ಪಿಗೆ ಕೊಡೋರು ಆ ಪತ್ರ ಓದಿದ್ದಿದ್ರೆ ಅಂತ ಈಗ್ಲೂ ಅನ್ಸುತ್ತೆ. ಇಂಗ್ಲೆಂಡಲ್ಲಿ 2000ದಿಂದ ಈ ನೆನಪಿಡೋ ಕೆಲಸಾನ ಸ್ಥಳೀಯ ಕೌನ್ಸಿಲ್‌ಗಳಿಗೇ ಕಾನೂನಲ್ಲಿ ವಹಿಸಿದಾರೆ, ತಮ್ಮ ವ್ಯಾಪ್ತಿಯ ಜಾಗಗಳನ್ನ ತಪಾಸಣೆ ಮಾಡಿ ಯಾರ್ ಬೇಕಾದ್ರೂ ನೋಡೋ ಹಂಗೆ ರಿಜಿಸ್ಟರ್ ಇಡ್ಬೇಕು. ನಿಮ್ಮಲ್ಲಿ ಕಾನೂನು ಇಲ್ದೇ ಇದ್ರೂ ಒಂದು ರಿಜಿಸ್ಟರ್ ಶುರು ಮಾಡೋಕೆ ಯಾರೂ ಅಡ್ಡಿ ಬರಲ್ಲ.

ಪ್ರಶ್ನೆ (ಮೊದಲಿನವರು): ತುಂಬಾ ಥ್ಯಾಂಕ್ಸ್ ಮೇಡಂ. ಹೂಳೆತ್ತೋದು ಮೊದ್ಲು ಮಾಡ್ಬಿಡೋಣ ಅಂತಿದಾರೆ, ಬಂದ ಹೂಳನ್ನ ಅದೇ ಕಾರ್ಖಾನೆ ಜಾಗಕ್ಕೆ ತುಂಬಿದ್ರೆ ಖರ್ಚೂ ಉಳಿಯುತ್ತಂತೆ.

ಉತ್ತರ: ಅಯ್ಯೋ, ದಯವಿಟ್ಟು ತಡೀರಿ! ಅಷ್ಟು ವರ್ಷ ಕಾರ್ಖಾನೆ ನೀರು ಬಂದಿರೋ ಕೆರೆ, ಲೋಹ ಎಲ್ಲಾ ಹೂಳಲ್ಲೇ ಕೂತಿರುತ್ತೆ. ಟೆಸ್ಟ್ ಮಾಡ್ದೇ ಒಂದು ಲೋಡೂ ಎಲ್ಲಿಗೂ ಹೋಗ್ಬಾರದು.

ಇನ್ನು ಯಾವುದು ಮೊದ್ಲು ಅಂದ್ರೆ, ಕೊಳಚೆ ಬರೋದನ್ನ ನಿಲ್ಲಿಸೋದು ಮೊದ್ಲು. ಅಮೆರಿಕದ ಸಿಯಾಟಲ್ ಪಕ್ಕದ ವಾಷಿಂಗ್ಟನ್ ಸರೋವರಕ್ಕೆ ಸುತ್ತಲಿನ ಊರುಗಳ ಕೊಳಚೆ ಬಂದು ಪಾಚಿ ಕಟ್ಕೊಂಡಿತ್ತು, ಒಂದೊಂದು ಊರು ಬೇರೆ ಬೇರೆ ಪರದಾಡಿದ್ರೆ ಆಗಲ್ಲ ಅಂತ 1958ರಲ್ಲಿ ಜನ ವೋಟ್ ಹಾಕಿ ಒಂದೇ ಸಂಸ್ಥೆ ಮಾಡ್ಕೊಂಡ್ರು, 1963ರಿಂದ 1968ರೊಳಗೆ ಕೊಳಚೆಯನ್ನ ಬೇರೆ ಕಡೆ ತಿರುಗಿಸಿದ್ರು, ಹೂಳು ಮುಟ್ಟದೇನೇ ನೀರು ತಿಳಿಯಾಯ್ತು. ಆದ್ರೆ ಅದು ಆಳದ ಸರೋವರ. ಸ್ವೀಡನ್‌ನ ಟ್ರುಮೆನ್ ಅನ್ನೋ ಆಳ ಕಮ್ಮಿ ಇರೋ ಕೆರೇಲಿ ಕೊಳಚೆ ನಿಲ್ಲಿಸಿ ಹತ್ತು ವರ್ಷ ಆದ್ರೂ ಸುಧಾರಿಸ್ಲಿಲ್ಲ, ಪಾಚಿ ಬೆಳೆಸೋ ರಂಜಕ ತಳದ ಹೂಳಿಂದ ನೀರಿಗೆ ಬರ್ತಾನೇ ಇತ್ತು, ಕೊನೆಗೆ 1970-71ರಲ್ಲಿ ಮೇಲಿನ ಹೂಳು ತೆಗೆದ್ಮೇಲೆ ಸರಿಹೋಯ್ತು. ನಿಮ್ಮ ಕೆರೆ ಯಾವ ಥರದ್ದು ಅಂತ ಆಳ ಅಳೆದು ನೋಡಿ ತೀರ್ಮಾನ ಮಾಡಿ.

ಪ್ರಶ್ನೆ: ಗುರುವಾರ ಮೀಟಿಂಗ್ ಇದೆ. ಒಂದೇ ಒಂದು ಷರತ್ತು ಬರೆಸೋಕಾಗೋದು ಅಂದ್ರೆ ಯಾವುದು ಬರೆಸ್ಲಿ?

ಉತ್ತರ: ಅಂತರ್ಜಲದ ರಿಪೋರ್ಟ್ ಬಂದು ಕೆರೆ ವಿಭಾಗದೋರೂ ಅದಕ್ಕೆ ಸಹಿ ಹಾಕೋವರೆಗೂ ಗುದ್ದಲಿ ಹಾಕೋ ಹಂಗಿಲ್ಲ ಅಂತ ಬರೆಸಿ. ರಿಪೋರ್ಟ್ ಬಂದ್ಮೇಲೆ ಇಲ್ಲೇ ಹಾಕಿ, ಕೂತು ಓದ್ತೀನಿ.