ಎಲ್‌ಕೆಜಿಯಲ್ಲಿ ಕಚ್ಚುವ, ರಚ್ಚೆ ಹಿಡಿಯುವ ಮಗುವನ್ನು ಶಿಕ್ಷಕರು ಹೇಗೆ ಕಾಣಬೇಕು?

ಪ್ರಶ್ನೆ: ಎಲ್‌ಕೆಜಿ ಶಿಕ್ಷಕಿ, ದಾವಣಗೆರೆ

ನನ್ನ ತರಗತಿಯ 34 ಮಕ್ಕಳಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗ ಸಾಲಿನಲ್ಲಿ ನಿಲ್ಲಿಸಿದರೆ ಪಕ್ಕದವರನ್ನು ಕಚ್ಚುತ್ತಾನೆ. ಆಟ ಬಿಡಿಸಿ ಬರೆಯಲು ಕೂರಿಸಿದರೆ ನೆಲಕ್ಕೆ ಬಿದ್ದು ರಚ್ಚೆ ಹಿಡಿಯುತ್ತಾನೆ. ಮನೆಯಲ್ಲಿ ಮುದ್ದು ಮಾಡಿ ಕೆಡಿಸಿದ್ದಾರೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ, ನಾನೂ ಹಾಗೆಯೇ ಹೇಳಿದ್ದೇನೆ. ಆದರೆ ಹಾಗೆ ಅಂದುಕೊಂಡ ದಿನ ಅವನ ಮೇಲೆ ನನ್ನ ಸಿಟ್ಟು ಹೆಚ್ಚುತ್ತದೆ ಎಂಬುದು ಈಚೆಗೆ ನನ್ನ ಗಮನಕ್ಕೆ ಬಂದು ಮನಸ್ಸಿಗೆ ಕಸಿವಿಸಿಯಾಗಿದೆ. ಇಂಥ ಮಗುವನ್ನು ನೀವು ಹೇಗೆ ನೋಡುತ್ತೀರಿ?

ಉತ್ತರ 1: ವಿಶೇಷ ಶಿಕ್ಷಕಿ, ಮೈಸೂರು

‘ಹಟಮಾರಿ’ ಎಂದು ಕರೆದ ಕೂಡಲೇ ಮಗು ಬೇಕೆಂದೇ ಹೀಗೆ ಮಾಡುತ್ತಿದೆ ಎಂದು ನಾವು ಒಪ್ಪಿಕೊಂಡಂತಾಗುತ್ತದೆ, ಆಮೇಲೆ ಗದರಿಸುವುದನ್ನು ಬಿಟ್ಟು ಬೇರೆ ದಾರಿ ತೋಚುವುದಿಲ್ಲ. ಅವನು ಎಷ್ಟು ಮಾತಾಡುತ್ತಾನೆ ಎಂಬುದನ್ನು ನೀವು ಬರೆದಿಲ್ಲ. ನಾನು ಮೊದಲು ಕೇಳುವುದು ಅದನ್ನೇ. ‘ತಳ್ಳಬೇಡ’, ‘ಅದು ನನ್ನದು’ ಎನ್ನಲು ಮಾತು ಸಾಲದ ಮಗು ಹಲ್ಲನ್ನು ಬಳಸುತ್ತದೆ. ಈ ವಯಸ್ಸಿನಲ್ಲಿ ನೆಗಡಿಯ ನಂತರ ಮಧ್ಯಕಿವಿಯಲ್ಲಿ ದ್ರವ ನಿಂತು ಕೇಳಿಸುವುದು ಕಡಿಮೆಯಾಗುವುದು ಅಪರೂಪವೇನಲ್ಲ, ಅದು ದಿನದಿಂದ ದಿನಕ್ಕೆ ಏರಿಳಿಯುವುದರಿಂದ ‘ಬೇಕಾದಾಗ ಕೇಳಿಸುತ್ತದೆ’ ಎಂಬ ಆರೋಪವೂ ಮಗುವಿನ ತಲೆಗೆ ಬರುತ್ತದೆ. ಶ್ರವಣ ಪರೀಕ್ಷೆ ಮಾಡಿಸಲು ಪೋಷಕರಿಗೆ ಹೇಳಿ. ಇಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ.

ಉತ್ತರ 2: ಅಂಗನವಾಡಿ ಕಾರ್ಯಕರ್ತೆ, ತಿ. ನರಸೀಪುರ ತಾಲ್ಲೂಕು

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ಆರಂಭವಾದಾಗ ದೇಶದಲ್ಲಿ ಆಯ್ಕೆಯಾದ 33 ಕಡೆಗಳಲ್ಲಿ ನಮ್ಮ ತಾಲ್ಲೂಕೂ ಒಂದು. ನಮ್ಮಲ್ಲಿ ಮೂರರಿಂದ ಆರು ವರ್ಷದವರು ಒಟ್ಟಿಗೇ ಇರುತ್ತಾರೆ. ಮಗು ಎದ್ದು ಓಡಾಡಿದರೆ ಅದನ್ನು ತಂಟೆ ಎಂದು ನಾನು ಎಣಿಸುವುದೇ ಇಲ್ಲ. ನಾಲ್ಕು ವರ್ಷದ ಬೆರಳಿಗೆ ಪೆನ್ಸಿಲ್ ಕೊಟ್ಟು ಕೂರಿಸುವುದು ಸರಿಯೇ ಎಂದು ನಿಮ್ಮ ಶಾಲೆಯವರು ದಯವಿಟ್ಟು ಯೋಚಿಸಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿ ಮಕ್ಕಳನ್ನು ತಪಾಸಣೆ ಮಾಡಬೇಕು. ಅಂಥ ಒಂದು ತಪಾಸಣೆಯಲ್ಲಿ ಅವರು ಹೆಚ್ಚಿನ ಪರೀಕ್ಷೆಗೆಂದು ಬೇರೆಡೆಗೆ ಕಳುಹಿಸಿದ್ದು ನಾನು ದೂರು ಹೇಳಿದ ತುಂಟನನ್ನಲ್ಲ, ಗೋಡೆಗೆ ಒರಗಿ ತೆಪ್ಪಗೆ ಕೂರುತ್ತಿದ್ದ ಹುಡುಗಿಯನ್ನು. ಗಲಾಟೆ ಮಾಡದ ಮಗುವನ್ನು ನಾನು ಒಳ್ಳೆಯ ಮಗು ಎಂದುಕೊಂಡಿದ್ದೆ. ಆ ತಪ್ಪು ಇಂದಿಗೂ ನನ್ನನ್ನು ಕಾಡುತ್ತದೆ.

ಉತ್ತರ 3: ಶಿಕ್ಷಣ ಸಂಶೋಧಕ, ಬೆಂಗಳೂರು

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಮ್ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಸರ್ಕಾರಿ ನೆರವಿನ ಶಿಶುತರಗತಿಗಳಿಂದ ಹೊರಹಾಕಲ್ಪಟ್ಟವರು ಸಾವಿರಕ್ಕೆ ಸುಮಾರು 6.7 ಮಕ್ಕಳು, ಇದು ಮೇಲಿನ ಶಾಲಾ ತರಗತಿಗಳ ಪ್ರಮಾಣದ ಮೂರು ಪಟ್ಟಿಗಿಂತಲೂ ಹೆಚ್ಚು. ವರ್ತನೆಯ ಬಗ್ಗೆ ಸಲಹೆ ನೀಡುವ ತಜ್ಞರು ಶಿಕ್ಷಕರ ಕೈಗೆ ಸಿಗುವಂತಿದ್ದ ಕಡೆ ಈ ಪ್ರಮಾಣ ಕಡಿಮೆಯಿತ್ತು. ಮಕ್ಕಳ ಸಂಖ್ಯೆ ಮತ್ತು ಶಿಕ್ಷಕರ ಮೇಲಿನ ಒತ್ತಡ ಹೆಚ್ಚಿದಂತೆ ಹೊರಹಾಕುವುದೂ ಹೆಚ್ಚುತ್ತದೆ ಎಂದು ಅವರ ಮುಂದಿನ ಬರಹಗಳು ತೋರಿಸಿವೆ. ಆದ್ದರಿಂದ 34 ಮಕ್ಕಳ ನಡುವೆ ಒಬ್ಬರೇ ನಿಂತಿರುವ ನಿಮ್ಮ ಸಿಟ್ಟನ್ನು ನಿಮ್ಮ ಸ್ವಭಾವದ ದೋಷವೆಂದು ಮಾತ್ರ ನಾನು ಓದಲಾರೆ. ಕಚ್ಚುವ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಎರಡು ವಾರ ಬರೆದಿಡಿ.

ಪ್ರಶ್ನೆ ಕೇಳಿದವರು, ಎರಡು ವಾರದ ನಂತರ

ಬರೆದಿಟ್ಟೆ. ಹನ್ನೊಂದು ಬಾರಿ ಕಚ್ಚಿದ್ದಾನೆ, ಅದರಲ್ಲಿ ಎಂಟು ಬಾರಿ ಊಟಕ್ಕೆ ಮೊದಲು ಕೈ ತೊಳೆಯುವ ಸಾಲಿನಲ್ಲಿ, ಹಿಂದಿನಿಂದ ಯಾರೋ ತಾಗಿದಾಗ. ಈಗ ಅವನನ್ನು ಮೊದಲಿಗನಾಗಿ ಕಳುಹಿಸುತ್ತಿದ್ದೇನೆ. ಶ್ರವಣ ಪರೀಕ್ಷೆಗೆ ಅವನ ತಾಯಿ ಒಪ್ಪಿದ್ದಾರೆ, ಮುಂದಿನ ವಾರ ಹೋಗುತ್ತಾರೆ. ಬರವಣಿಗೆಯ ವಿಷಯವಾಗಿ ಮುಖ್ಯ ಶಿಕ್ಷಕರೊಂದಿಗೆ ಇನ್ನೂ ಮಾತಾಡಬೇಕಿದೆ.